ಕಪ್ಪು ತುದಿಯ ಜಿಗಿಹುಳ

“ನೀನೇ ಕಣೋ ಹಾಕಿರೋದು! ನನ್ನ ಬಾಟಲಿಗೆ ಇನ್ಯಾರು ಕೈ ಹಾಕ್ತಾರೆ?”

ಮೈತ್ರಿಯ ಕೂಗಿಗೆ ಇಡೀ ಆರನೇ ಕ್ಲಾಸು ತಿರುಗಿ ನೋಡಿತು. ಲೋಹಿತನ ಮುಖ ಸಣ್ಣದಾಯಿತು.

“ದೇವ್ರಾಣೆ ಹಾಕಿಲ್ಲ ಮಾರಾಯ್ತಿ.”

“ಮತ್ತೆ ಬೇರೆ ಹುಳ ಹೇಗೆ ಬಂತು? ನೀನು ನನ್ನ ಪ್ರಾಜೆಕ್ಟಿಗೇ ಬೇಡ, ಹೋಗು!”

ಸೋಮವಾರ ಶಿವಮೊಗ್ಗದಲ್ಲಿ ವಿಜ್ಞಾನ ಮೇಳ. ಭತ್ತದ ಗದ್ದೆಯ ಜಿಗಿಹುಳಗಳಲ್ಲಿ ಎಷ್ಟು ಬಗೆ ಎಂದು ತೋರಿಸುವುದು ಇವರಿಬ್ಬರ ಕೆಲಸ. ಅಕ್ಕಿಕಾಳಿನಷ್ಟು ದೊಡ್ಡ ಹಸಿರು ಹುಳಗಳು. ರೆಕ್ಕೆಯ ತುದಿ ಕಪ್ಪಗಿದ್ದರೆ ಒಂದು ಬಗೆ, ಕಂದು ಬಣ್ಣವಿದ್ದರೆ ಇನ್ನೊಂದು ಎಂದು ಮೈತ್ರಿ ಆಗಲೇ ಚಾರ್ಟು ಬರೆದಿದ್ದಳು.

ತಿಂಗಳ ಹಿಂದೆ ಕಂದು ತುದಿಯ ಒಂದೇ ಒಂದು ತಾಯಿಹುಳವನ್ನು ಭತ್ತದ ಸಸಿಯ ಜೊತೆ ಬಾಟಲಿಗೆ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿದ್ದಳು. ಅದರ ಮರಿಗಳಿಗೆ ಈಗ ರೆಕ್ಕೆ ಬರುತ್ತಿತ್ತು. ಇವತ್ತು ನೋಡಿದರೆ ನಡುವೆ ಕಪ್ಪು ತುದಿಯದೊಂದು ಕೂತಿದೆ! ಸಸಿಗೆ ನೀರು ಹಾಕುವವನು ಲೋಹಿತ. ಇನ್ನೇನು ಬೇಕು?

ಮೈತ್ರಿ ಆ ಹುಳವನ್ನು ಓಡಿಸಿ, ಗಂಟು ಬಿಗಿದು, ಬಾಟಲಿಯನ್ನು ಓಲ್ಡ್ ಟೌನ್ ಬಡಾವಣೆಯ ತನ್ನ ಮನೆಗೇ ಒಯ್ದಳು. ಯಾರನ್ನೂ ಹತ್ತಿರ ಬಿಡಲಿಲ್ಲ. ಊಟವೂ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಎಲೆಗೆ ಮರಿ ಕಳಚಿದ ಪೊರೆಯೊಂದು ಅಂಟಿತ್ತು. ಪಕ್ಕದಲ್ಲಿ ಆಗಷ್ಟೇ ರೆಕ್ಕೆ ಬಂದ ಹುಳ. ಮಧ್ಯಾಹ್ನದ ಹೊತ್ತಿಗೆ ಅದರ ರೆಕ್ಕೆಯ ತುದಿ ಕಪ್ಪಾಯಿತು.

ಮೈತ್ರಿ ಬಾಟಲಿಯ ಬಾಯಿ ನೋಡಿದಳು. ಗಂಟು ಕಟ್ಟಿದ ಹಾಗೇ ಇತ್ತು.

“ಅಮ್ಮಾ, ಒಂದೇ ತಾಯಿ ಮರಿಗಳು ಬೇರೆ ಬೇರೆ ಥರ ಇರ್ತಾವಾ?”

“ಹುಂಜದ ಬಾಲ ನೋಡು, ಹೇಂಟೆ ಬಾಲ ನೋಡು. ಎರಡೂ ಕೋಳಿ ಅಲ್ವೇನೇ?”

ಅಂದರೆ ಕಪ್ಪು ತುದಿಯದು ಗಂಡು, ಕಂದು ತುದಿಯದು ಹೆಣ್ಣು! ಚಾರ್ಟಿಗೆ ಬಿಳಿ ಹಾಳೆ ಅಂಟಿಸಿ ಹೊಸದಾಗಿ ಬರೆದಳು. ಆದರೂ ಮನಸ್ಸು ನಿಲ್ಲಲಿಲ್ಲ. ಲೋಹಿತನ ಮನೆಗೆ ಓಡಿದಳು.

“ಸಾರಿ ಕಣೋ. ನೀನು ಹಾಕಿರ್ಲಿಲ್ಲ.”

“ಅದು ನಂಗೆ ಗೊತ್ತಲ್ಲ. ಕ್ಲಾಸಿನವ್ರಿಗೆ ಗೊತ್ತಿಲ್ಲ” ಎಂದು ಅವನು ಒಳಗೆ ಹೋಗಿಬಿಟ್ಟ.

ಸೋಮವಾರ ಶಿವಮೊಗ್ಗದ ಬಸ್ಸಿನಲ್ಲಿ ಇಡೀ ಕ್ಲಾಸಿನ ಗಲಾಟೆ. ಲೋಹಿತ ಹಿಂದಿನ ಸೀಟಿನಲ್ಲಿ ಒಬ್ಬನೇ ಕಾಲು ಚಾಚಿ ಕೂತಿದ್ದ. ಮೈತ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಂಬಿ ಹಿಡಿದು ಎದ್ದು ನಿಂತಳು. ಅವತ್ತು ಕೂಗಿದ್ದಷ್ಟೇ ಜೋರಾಗಿ ಹೇಳಬೇಕಿತ್ತು.

“ಎಲ್ರೂ ಕೇಳಿ! ಲೋಹಿತ ಯಾವ ಹುಳನೂ ಹಾಕಿರ್ಲಿಲ್ಲ. ತಪ್ಪು ನಂದು!”

ಗಲಾಟೆ ನಿಂತಿತು. ಲೋಹಿತ ಅವಳ ಕಡೆ ನೋಡಲಿಲ್ಲ. ಕಾಲು ಮಡಿಸಿಕೊಂಡು, ಕಿಟಕಿಯ ಕಡೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತ.