ಫ್ರೀಜರಿನ ಮೇಲಿನ ಹಸಿರು ಪೊಟ್ಟಣ

ಡಬ್ಬಿ ಇರಲಿಲ್ಲ.

ಹುಣ್ಣಿಮೆ ಹಬ್ಬದ ರಜೆ ಮುಗಿದ ಬೆಳಿಗ್ಗೆ ಪ್ರೊಫೆಸರ್ ಓಯಾಂಗ್ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಬಂದು ದೊಡ್ಡ ಫ್ರೀಜರಿನ ಬಾಗಿಲು ತೆರೆದರು. ತಳದ ಅರೆಯಲ್ಲಿ ಏನೂ ಇರಲಿಲ್ಲ. ಲ್ಯಾಬಿನ ಬೀಗ ಒಡೆದಿರಲಿಲ್ಲ. ಫ್ರೀಜರ್ ಎಂದಿನಂತೆ ಮೈನಸ್ ಎಂಬತ್ತು ತೋರಿಸುತ್ತ ಗುಂಯ್‌ಗುಡುತ್ತಿತ್ತು. ನೀಲಿ ಡಬ್ಬಿ ಮಾತ್ರ ಮಾಯ.

ಆ ಡಬ್ಬಿಯಲ್ಲಿದ್ದದ್ದು ರಕ್ತ. ಖಿನ್ನತೆಯ ರೋಗಿಗಳದು — ಔಷಧ ಶುರುವಾಗುವ ಮೊದಲಿನದು, ಔಷಧ ಹಿಡಿದ ಮೇಲಿನದು, ಎರಡೂ. ತೆಗೆದವಳು ನಾನೇ, ನರ್ಸ್ ಸು-ಯೂನ್. ತೈನಾನ್ ಊರಿನ ಅರ್ಧ ಜನರ ನರ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಮೈಯನ್ನು ಕಾಯುವ ಪಡೆ ಕೆಲವರಲ್ಲಿ ಶತ್ರುವೇ ಇಲ್ಲದೆ ಕಾದಾಡುತ್ತಿರುತ್ತದೆ, ಆ ಉರಿ ಮಿದುಳಿಗೂ ತಾಗುತ್ತದೆ, ಅಂಥವರಿಗೆ ಮಾಮೂಲಿ ಮಾತ್ರೆ ನಾಟುವುದಿಲ್ಲ — ಇದು ಪ್ರೊಫೆಸರ್ ಅವರ ಅನುಮಾನ. ಅದು ನಿಜವಾದರೆ, ರಕ್ತ ನೋಡಿ ಯಾರಿಗೆ ಯಾವ ಮಾತ್ರೆ ಎಂದು ಮೊದಲ ದಿನವೇ ಹೇಳಬಹುದು. ಈಗಿನಂತೆ ಒಂದು ಕೊಟ್ಟು, ಕಾದು, ಇನ್ನೊಂದು ಕೊಟ್ಟು ನೋಡಬೇಕಿಲ್ಲ. ಹಾಗೆ ಕಾಯುವುದರಲ್ಲೇ ಕೆಲವರು ನಮ್ಮ ಕೈತಪ್ಪಿ ಹೋಗುತ್ತಾರೆ.

ಔಷಧಕ್ಕೆ ಮೊದಲಿನ ರಕ್ತ ಹೋದರೆ ಹೋಯಿತು. ವಾಸಿಯಾದವರನ್ನು ಮತ್ತೆ ಕಾಯಿಲೆ ಬೀಳಿಸಿ ತೆಗೆಯಲಾಗುತ್ತದೆಯೇ?

"ಮಧ್ಯಾಹ್ನದವರೆಗೆ ನೋಡ್ತೀನಿ. ಆಮೇಲೆ ಪೊಲೀಸ್," ಎಂದರು ಪ್ರೊಫೆಸರ್. ಹಾಗೆನ್ನುವಾಗ ಅವರ ಕಣ್ಣು ಪೇಯ್-ಶಾನ್ ಮೇಲಿತ್ತು.

ಪೇಯ್-ಶಾನ್ ನಮ್ಮ ಲ್ಯಾಬಿನ ಟೆಕ್ನೀಷಿಯನ್. ಲ್ಯಾಬಿನ ಕೀಲಿಕೈ ಇದ್ದದ್ದು ಮೂವರ ಬಳಿ — ಪ್ರೊಫೆಸರ್, ಮನೋವೈದ್ಯ ಡಾಕ್ಟರ್ ಕೋ, ಈ ಹುಡುಗಿ. ಪ್ರೊಫೆಸರ್ ರಜೆಯೆಲ್ಲ ಮಗಳ ಊರಿನಲ್ಲಿದ್ದರು. ಶನಿವಾರ ಪೇಯ್-ಶಾನ್ ಚೀಲ ಹಿಡಿದು ಹೊರಗೆ ಹೋದದ್ದನ್ನು ಗೇಟಿನವನು ನೋಡಿದ್ದ. ಇನ್ನೇನು ಬೇಕು?

ನಾನು ಓಡಿಹೋಗಿ ಲಿಯಾವ್ ಅಕ್ಕನನ್ನು ಕರೆತಂದೆ.

ಲಿಯಾವ್ ಅಕ್ಕ ಆಸ್ಪತ್ರೆಯ ಭದ್ರತಾ ಅಧಿಕಾರಿ. ಹಿಂದೆ ಪೊಲೀಸ್ ಪತ್ತೆದಳದಲ್ಲಿದ್ದವರು. ನಡುವೆ ಒಂದಷ್ಟು ಕಾಲ ನಮ್ಮ ರೋಗಿಯಾಗಿದ್ದರು. ಆಗ ಅವರನ್ನು ನೋಡಬೇಕಿತ್ತು ನೀವು. ಲಿಫ್ಟ್ ಕೆಟ್ಟರೆ ನನ್ನಿಂದಲೇ, ಮಳೆ ಬಂದರೆ ನನ್ನಿಂದಲೇ ಎಂದು ಅಳುತ್ತಿದ್ದರು. ಮೊದಲ ಮಾತ್ರೆ ನಾಟಲಿಲ್ಲ, ಎರಡನೆಯದೂ ಇಲ್ಲ. ಮೂರನೆಯದು ಹಿಡಿದಾಗ ಒಂದು ಬೆಳಿಗ್ಗೆ ಬೀದಿಯ ಈರುಳ್ಳಿ ರೊಟ್ಟಿಯ ವಾಸನೆ ಮೂಗಿಗೆ ಬಡಿಯಿತಂತೆ. ಹಸಿವಾಯಿತಂತೆ. ಅದನ್ನು ಹೇಳಲು ಡಾಕ್ಟರ್ ಕೋ ಹತ್ತಿರ ಓಡಿಬಂದರು, ಕೈಯಲ್ಲಿ ಅರ್ಧ ತಿಂದ ರೊಟ್ಟಿ.

ಆ ಋಣ ಅವರು ಮರೆತವರಲ್ಲ. ಶುಕ್ರವಾರ ಸಂಜೆ, ರಜೆಗೆ ಮುನ್ನ, ನನ್ನ ಜೊತೆ ಲ್ಯಾಬಿಗೆ ಬಂದು ಫ್ರೀಜರಿಗೆ ಒಂದು ಹಸಿರು ಪೊಟ್ಟಣ ಅರ್ಪಿಸಿ ಹೋಗಿದ್ದರು. ತೆಂಗಿನ ರುಚಿಯ ಕುರುಕಲು. ಯಂತ್ರ ಕೆಡದಿರಲೆಂದು ನಮ್ಮ ಕಡೆ ಎಲ್ಲರೂ ಇಡುವುದೇ. ಯಂತ್ರ ಸರಿಯಿದೆ ಎನ್ನುವ ಹಸಿರು ದೀಪದಂತೆ ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಕೆಲಸದಲ್ಲಿರುವ ಪೊಟ್ಟಣವನ್ನು ಯಾರೂ ತಿನ್ನಬಾರದು. ಅದರ ಮೇಲೆ ಅಕ್ಕ ದಪ್ಪ ಪೆನ್ನಿನಲ್ಲಿ ಗುಂಡುಗುಂಡಾಗಿ ಬರೆದಿದ್ದರು: 'ಚೆನ್ನಾಗಿ ತಣ್ಣಗಿರು. ನಿನಗೆ ಋಣಿ.'

"ವಿಜ್ಞಾನದ ಲ್ಯಾಬಿನಲ್ಲಿ ತಿಂಡಿಗೆ ಡ್ಯೂಟಿ ಹಾಕ್ತೀರಲ್ಲ," ಎಂದು ಡಾಕ್ಟರ್ ಕೋ ಅವತ್ತೂ ನಕ್ಕಿದ್ದರು. ಈ ವಿಷಯದಲ್ಲಿ ಅವರ ಗೇಲಿಗೆ ಬಿಡುವೇ ಇಲ್ಲ.

ಅಕ್ಕ ಮೊದಲು ಪೇಯ್-ಶಾನ್‌ಳನ್ನು ಕೂರಿಸಿಕೊಂಡರು.

"ಶನಿವಾರ ಯಾಕೆ ಬಂದೆ?"

"ಮಳೆಕೋಟು ಮರೆತಿದ್ದೆ ಅಕ್ಕಾ. ಚೀಲದಲ್ಲಿ ಇದ್ದದ್ದು ಅದೇ."

"ಫ್ರೀಜರ್ ತೆಗೆದ್ಯಾ?"

"ಇಲ್ಲ. ಆ ಕಡೆ ತಿರುಗಿ ಕೂಡ ನೋಡಲಿಲ್ಲ."

"ಕೊನೆಗೆ ತೆಗೆದದ್ದು?"

"ಶುಕ್ರವಾರ, ನೀವಿಬ್ಬರು ಹೋದ ಮೇಲೆ. ಎರಡು ಟ್ಯೂಬ್ ಇಟ್ಟೆ, ಮುಚ್ಚಿದೆ, ಓಡಿದೆ. ಗೆಳತಿಯರು ಕೆಳಗೆ ಕಾಯ್ತಿದ್ರು." ಅವಳು ಅಳತೊಡಗಿದಳು. "ಅಕ್ಕಾ, ಆ ರಕ್ತ ತಗೊಂಡು ನಾನೇನು ಮಾಡ್ಲಿ? ಕೆಲಸ ಹೋದ್ರೆ ಹೋಗ್ಲಿ, ಕಳ್ಳಿ ಅನ್ನಿಸ್ಕೊಂಡು ಹೇಗೆ ಹೋಗ್ಲಿ?"

ಅಕ್ಕ ಅವಳ ಬೆನ್ನು ತಟ್ಟಿ ಡಾಕ್ಟರ್ ಕೋ ಕಡೆ ತಿರುಗಿದರು.

"ನೀವು, ಡಾಕ್ಟ್ರೇ?"

"ನಾನಾ? ರಜೆ ಪೂರ್ತಿ ಎಲ್ಲರ ಹಾಗೆ ಮನೆ ಮುಂದೆ ಒಲೆ ಹಾಕ್ಕೊಂಡು ಮಾಂಸ ಸುಡ್ತಿದ್ದೆ. ಬೆರಳೂ ಸುಟ್ಕೊಂಡೆ, ನೋಡಿ." ಎರಡು ಬೆರಳಿಗೆ ಪಟ್ಟಿ ಇತ್ತು. "ಅಕ್ಕಾ, ಇದನ್ನು ಇಷ್ಟಕ್ಕೇ ಬಿಡಿ. ಹನ್ನೊಂದರವರೆಗೆ ಸುಮ್ನಿರಿ, ಎಲ್ಲ ಸರಿಹೋಗುತ್ತೆ."

"ಹನ್ನೊಂದಕ್ಕೆ ಏನಾಗುತ್ತೆ?"

"ಏನಿಲ್ಲ. ಸುಮ್ನೆ ಹೇಳ್ದೆ."

ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಬಾರದು. ಅವರ ಕಿವಿ ಕೆಂಪಾಗಿತ್ತು. ಪಟ್ಟಿ ಬದಲಿಸುವ ನೆಪದಲ್ಲಿ ಅವರ ಕೈ ಹಿಡಿದು ನೋಡಿದೆ. ಒಲೆಯ ಗಾಯ ನನಗೆ ಗೊತ್ತು, ಹುಣ್ಣಿಮೆ ಹಬ್ಬದ ಮರುದಿನ ಆಸ್ಪತ್ರೆ ತುಂಬ ಅದೇ. ಇದು ಬೇರೆ. ಬೆರಳ ತುದಿಯ ಚರ್ಮ ಮೇಣದಂತೆ ಬಿಳಿಚಿ ಗಟ್ಟಿಯಾಗಿತ್ತು. ಅಕ್ಕನ ಕಿವಿಯಲ್ಲಿ ಹೇಳಿದೆ.

ಅವರು ಫ್ರೀಜರಿನ ಎದುರು ಕುರ್ಚಿ ಎಳೆದುಕೊಂಡು ಕೂತರು. ಫ್ರೀಜರಿನ ನೆತ್ತಿಯ ಮೇಲೆ ಹಸಿರು ಪೊಟ್ಟಣ ನೆಟ್ಟಗೆ ಕೂತಿತ್ತು.

"ಸು-ಯೂನ್, ಶುಕ್ರವಾರ ನಾನು ಅದನ್ನ ಎಲ್ಲಿಟ್ಟೆ?"

"ಬಾಗಿಲಿನ ಹಿಡಿಗೆ ಕಟ್ಟಿದ್ರಿ. ಮೇಲಿಟ್ರೆ ಫ್ರೀಜರಿಗೆ ಕಾಣಲ್ಲ ಅಂತ ನೀವೇ ಹೇಳಿದ್ರಲ್ಲ. ಹಬ್ಬದ ಸಿಹಿ ಡಬ್ಬಿಯ ಕೆಂಪು ದಾರದಲ್ಲಿ."

"ಹೌದಲ್ವಾ?"

ಎದ್ದು ಕೈಚಾಚಿ ಪೊಟ್ಟಣವನ್ನು ಇಳಿಸಿ ನೋಡಿದರು. ಅದೇ ಮಾತು — 'ಚೆನ್ನಾಗಿ ತಣ್ಣಗಿರು. ನಿನಗೆ ಋಣಿ.' ಆದರೆ ಗುಂಡಕ್ಷರವಲ್ಲ. ಔಷಧದ ಅಂಗಡಿಯವನು ಮಾತ್ರ ಓದಬಲ್ಲ ಗೀಚು.

ಅಕ್ಕನ ಮುಖದ ರಕ್ತ ಇಳಿದುಹೋಯಿತು. ಆ ಮುಖ ನನಗೆ ಪರಿಚಯದ್ದು. ಕಾಯಿಲೆಯ ದಿನಗಳಲ್ಲಿ ಹಾಗೆಯೇ ಇರುತ್ತಿತ್ತು.

"ಅಕ್ಕಾ, ಬಿಟ್ಟುಬಿಡೋಣ," ಎಂದೆ.

"ಬಿಟ್ಟರೆ ಆ ಹುಡುಗಿ ಕಳ್ಳಿ ಆಗ್ತಾಳೆ. ಎಲ್ಲರನ್ನೂ ಕರಿ."

ಎಲ್ಲರೂ ಬಂದರು. ಅಕ್ಕ ಪೊಟ್ಟಣವನ್ನು ಮೇಜಿನ ಮೇಲಿಟ್ಟರು.

"ಬೆಳಿಗ್ಗೆಯಿಂದ ಎಲ್ಲರೂ ಇದನ್ನ ನೋಡಿದ್ವಿ. ಇರಬೇಕಾದ ಜಾಗದಲ್ಲೇ ಇದೆ ಅಂತ ಸುಮ್ಮನಾದ್ವಿ. ನಾನು ಇಟ್ಟಿದ್ದು ಇದಲ್ಲ. ನನ್ನ ಪೊಟ್ಟಣ ಹೊಸದು, ತಾರೀಖು ದೂರ ಇತ್ತು. ಅಂಥದನ್ನ ಯಾವಾಗ ಬದಲಾಯಿಸ್ತಾರೆ, ಪೇಯ್-ಶಾನ್?"

"ಅದು ಕಾಯ್ತಿದ್ದ ಯಂತ್ರ ಕೆಟ್ಟಾಗ," ಎಂದಳು ಅವಳು ಮೆಲ್ಲಗೆ.

"ಅಂದ್ರೆ ರಜೆಯಲ್ಲಿ ಈ ಫ್ರೀಜರ್ ಕೈಕೊಟ್ಟಿತ್ತು. ಅಲಾರಂ ಯಾರ ಫೋನಿಗೆ ಬರುತ್ತೆ, ಪ್ರೊಫೆಸರ್?"

"ಕೋ ಫೋನಿಗೆ."

"ಹಾಂ. ಅಂಥ ಚಳಿಯ ಡಬ್ಬಿಯನ್ನ ಕೈಗವಸು ಹುಡುಕೋ ತಾಳ್ಮೆ ಇಲ್ಲದೆ ಬರಿಗೈಯಲ್ಲಿ ಎತ್ತಿದ್ರೆ ಬೆರಳು ಹೀಗಾಗುತ್ತೆ. ಡಬ್ಬಿ ಎಲ್ಲಿ, ಡಾಕ್ಟ್ರೇ?"

ಡಾಕ್ಟರ್ ಕೋ ನೆಲ ನೋಡುತ್ತ ಒಪ್ಪಿಕೊಂಡರು.

"ನೆಲಮಾಳಿಗೆಯ ರಕ್ತನಿಧಿಯ ಫ್ರೀಜರಿನಲ್ಲಿ. ಭಾನುವಾರ ಹಿಂದಿನ ಮೆಟ್ಟಿಲಿಂದ ಬಂದೆ. ಕರಗಿಲ್ಲ, ತಳದ ಅರೆ ಅಷ್ಟು ಬಿಸಿಯಾಗಿರಲಿಲ್ಲ. ಈ ಫ್ರೀಜರ್ ಮತ್ತೆ ತಣ್ಣಗಾಗಲಿ, ಯಾರೂ ಬರೋ ಮೊದಲೇ ವಾಪಸ್ ಇಡೋಣ ಅಂತಿದ್ದೆ. ಬಂದು ನೋಡಿದ್ರೆ ಅಲ್ಲಿಯ ಕೀಲಿ ಇಟ್ಕೊಂಡವನು ಇವತ್ತು ಹನ್ನೊಂದಕ್ಕೆ ಬರ್ತಾನಂತೆ."

"ಒಂದು ಮಾತು ಹೇಳೋಕೆ ಏನು ದಾಡಿ?" ಪ್ರೊಫೆಸರ್ ಸಿಡುಕಿದರು. "ಈ ಹುಡುಗಿ ಬೆಳಿಗ್ಗೆಯಿಂದ ಅಳ್ತಿದ್ದಾಳೆ."

"ಹೇಳಿದ್ರೆ ಫ್ರೀಜರ್ ಯಾಕೆ ಕೆಟ್ಟಿತು ಅಂತ ಕೇಳ್ತಿದ್ರಿ, ಸರ್."

"ಯಾಕೆ ಕೆಟ್ಟಿತು?"

ಡಾಕ್ಟರ್ ಕೋ ಅಕ್ಕನ ಕಡೆ ನೋಡಿದರು.

"ನಾನು ಹೇಳ್ತೀನಿ," ಎಂದರು ಅಕ್ಕ. "ಹಿಡಿಗೆ ಕಟ್ಟಿದ್ದ ನನ್ನ ಪೊಟ್ಟಣ ಬಾಗಿಲಿನ ಸಂದಿಗೆ ಸಿಕ್ಕಿಕೊಂಡಿತ್ತು. ಪೇಯ್-ಶಾನ್ ಮುಚ್ಚಿದಳು, ಬಾಗಿಲು ಪೂರ್ತಿ ಕೂರಲಿಲ್ಲ. ಆ ಸಂದಿಯಿಂದ ಗಾಳಿ ಹೋಗಿ ಹೋಗಿ ಫ್ರೀಜರ್ ಸೋತಿತು. ಅಲ್ವಾ ಡಾಕ್ಟ್ರೇ? ತಪ್ಪು ಮಾಡಿದವಳು ನಾನು. ನನ್ನ ಕೃತಜ್ಞತೆಯೇ ಎಲ್ಲರ ರಕ್ತ ಹಾಳುಮಾಡ್ತಿತ್ತು."

ಈ ಸಲ ಯಂತ್ರ ನಿಜವಾಗಿಯೂ ಕೆಟ್ಟಿತ್ತು, ಅದೂ ನಿಜವಾಗಿಯೂ ಅವರಿಂದಲೇ. ಡಾಕ್ಟರ್ ಕೋ ಹೆದರಿದ್ದು ಇದಕ್ಕೇ ಎಂದು ಈಗ ನನಗೆ ಹೊಳೆಯಿತು.

"ಪೇಯ್-ಶಾನ್, ಇವತ್ತಿನ ನಿನ್ನ ಕಣ್ಣೀರು ನನ್ನ ಲೆಕ್ಕಕ್ಕೆ. ಕ್ಷಮಿಸು, ಮರಿ." ಅಕ್ಕ ಅವಳ ಕೈ ಹಿಡಿದುಕೊಂಡರು. ಆಮೇಲೆ ಡಾಕ್ಟರ್ ಕೋ ಕಡೆ ನೋಡಿದರು. "ನನ್ನ ಮಾತನ್ನೇ ನಕಲು ಮಾಡಿ ಬರೆದು ಇಟ್ರಲ್ಲ. ನನಗೆ ಗೊತ್ತಾಗಬಾರದು ಅಂತಲಾ?"

"ಹೂಂ. ಹಬ್ಬದ ದಿನ ಅಂಗಡಿಯಲ್ಲಿ ಹಳದಿ ಪೊಟ್ಟಣ ಬಿಟ್ರೆ ಇನ್ನೊಂದಿಲ್ಲ. ಹಸಿರು ಬೇಕು ಅಂತ ಸ್ಕೂಟರಿನಲ್ಲಿ ಊರೆಲ್ಲ ಅಲೆದೆ."

"ಹಳದಿ ಆದ್ರೆ ಏನಂತೆ? ನಿಮಗೆ ಇದರಲ್ಲೆಲ್ಲ ನಂಬಿಕೆ ಇಲ್ವಲ್ಲ," ಎಂದಳು ಪೇಯ್-ಶಾನ್, ಮೂಗು ಒರೆಸಿಕೊಳ್ಳುತ್ತ.

"ಸುಮ್ನಿರೇ. ಇದ್ದದ್ದು ಒಂದೇ ಫ್ರೀಜರ್."

ಪ್ರೊಫೆಸರ್ ಕೂಡ ನಕ್ಕುಬಿಟ್ಟರು. ಅಕ್ಕ ನಗಲಿಲ್ಲ. ಅವರ ಕಣ್ಣು ತುಂಬಿತ್ತು.

"ನನಗೆ ತಿಳಿದ್ರೆ ಮತ್ತೆ ಹಾಸಿಗೆ ಹಿಡೀತೀನಿ ಅಂದ್ಕೊಂಡ್ರಾ, ಡಾಕ್ಟ್ರೇ?"

"ಹೌದು ಅಕ್ಕಾ. ಹೆದರಿಕೆ ಆಯ್ತು."

"ಅಷ್ಟು ವರ್ಷ ಓದಿ ನಿಮ್ಮ ಔಷಧದ ಮೇಲೆ ನಿಮಗೇ ನಂಬಿಕೆ ಇಲ್ವಲ್ಲ." ಅಕ್ಕ ಕೆನ್ನೆ ಒರೆಸಿಕೊಂಡರು. "ನೋಡಿ. ತಪ್ಪು ಮಾಡಿದ್ದೀನಿ. ದೊಡ್ಡದೇ. ಎಲ್ಲರೆದುರು ಒಪ್ಪಿಕೊಂಡೆ. ಆದ್ರೂ ಮಳೆಗೆ, ಲಿಫ್ಟಿಗೆ, ಮಿಕ್ಕಿದ್ದಕ್ಕೆಲ್ಲ ನಾನು ಕಾರಣ ಅಂತ ಅನ್ನಿಸ್ತಿಲ್ಲ. ಈ ಒಂದು ಪೊಟ್ಟಣಕ್ಕೆ ಮಾತ್ರ. ಈ ವ್ಯತ್ಯಾಸ ತಿಳಿಯೋ ಮನಸ್ಸನ್ನ ನನಗೆ ತಿರುಗಿ ಕೊಟ್ಟವರು ನೀವು. ನಿಮ್ಮ ಋಣ ತೀರಿಸೋಕೆ ನನ್ನಿಂದ ಆಗಲ್ಲ."

ಡಾಕ್ಟರ್ ಕೋ ಪಟ್ಟಿ ಕಟ್ಟಿದ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು.

ಹನ್ನೊಂದಕ್ಕೆ ಡಬ್ಬಿ ಮೇಲೆ ಬಂತು, ಈ ಸಲ ಕೈಗವಸು ಹಾಕಿಕೊಂಡ ಕೈಯಲ್ಲಿ. ಪೇಯ್-ಶಾನ್ ಅದನ್ನು ತಳದ ಅರೆಯಲ್ಲಿಟ್ಟು ಬಾಗಿಲು ಮುಚ್ಚಿದಳು, ಎರಡು ಸಲ ಒತ್ತಿ ನೋಡಿದಳು. ಪ್ರೊಫೆಸರ್ ತಾವೇ ಸ್ಟೂಲು ಹತ್ತಿ ಹಸಿರು ಪೊಟ್ಟಣವನ್ನು ನೆತ್ತಿಯ ಮೇಲೆ, ಬಾಗಿಲಿನಿಂದ ದೂರದಲ್ಲಿ, ಅಂಟುಪಟ್ಟಿ ಹಾಕಿ ಕೂರಿಸಿದರು. ಇಳಿದವರೇ ಪೇಯ್-ಶಾನ್ ಎದುರು ನಿಂತು ಕ್ಷಮೆ ಕೇಳುತ್ತ ಸೊಂಟದವರೆಗೆ ಬಾಗಿದರು. ಅವಳು ಗಾಬರಿಯಾಗಿ ಇನ್ನೂ ಕೆಳಗೆ ಬಾಗಿದಳು.

"ಸು-ಯೂನ್," ಎಂದರು ಅಕ್ಕ, "ಬೀದಿಯ ರೊಟ್ಟಿಯವನು ಇವತ್ತು ಬಂದಿದ್ದಾನಾ?"

"ಬಂದಿರ್ತಾನೆ. ಯಾಕೆ?"

"ಹೊಟ್ಟೆ ತಾಳ ಹಾಕ್ತಿದೆ. ನಡಿ, ಎಲ್ಲರಿಗೂ ತರೋಣ."

ಹಸಿವಾಗಿದೆ ಎಂಬ ಆ ಮಾತು ಕೇಳಿ ಡಾಕ್ಟರ್ ಕೋ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.