ಅಮ್ಮನ ಕಾಫಿಗಿಡ

ಬಾಲ್ಕನಿಯ ಕುಂಡದಲ್ಲಿದ್ದ ಕಾಫಿಗಿಡ ಆ ಬೆಳಿಗ್ಗೆಯೂ ಹಣ್ಣು ಬಿಟ್ಟಿತ್ತು. ಪಕ್ಕದ ಪುಟ್ಟ ಯಂತ್ರ ಬೀಜ ಬಿಡಿಸಿ, ಒಣಗಿಸಿ, ಹುರಿದು, ಪುಡಿ ಮಾಡಿ ಇಟ್ಟಿತು. ೨೦೭೦ರ ಮೈಸೂರಿನಲ್ಲಿ ಮನೆಮನೆಯಲ್ಲೂ ಇದೇ ಗಿಡ. ಜೊತೆಗೆ ಬರುವ ಲೋಟದ ಅಂಚಿನಲ್ಲಿ ಒಂದು ಸಂವೇದಕ, ಅಂದರೆ ಎಂಜಲನ್ನು ಓದಿ ಕುಡಿದವರ ಮೆಚ್ಚುಗೆ ಅಳೆಯುವ ತೆಳು ಪಟ್ಟಿ. ಅದು ಕುಂಡಕ್ಕೆ ಸುದ್ದಿ ಮುಟ್ಟಿಸಿದರೆ ಮುಂದಿನ ಕಾಯಿ ಆ ನಾಲಿಗೆಗೆ ತಕ್ಕಂತೆ ಬಲಿಯುತ್ತದೆ. ಒಬ್ಬರಿಗೆ ಹೊಂದಿದ ಕಾಫಿ ಬೇರೆ ಯಾರ ಬಾಯಿಗೂ ಕಡು ಕಹಿ.

ಇದನ್ನು ಕಂಡುಹಿಡಿದ ಸಂಹಿತಾ ಮೊದಲ ಗಿಡ ಕೊಟ್ಟದ್ದು ತಾಯಿ ಪೂರ್ಣಿಮಾಗೆ. ಪೂರ್ಣಿಮಾ ತೀರಿಕೊಂಡು ವರ್ಷವಾಗುತ್ತ ಬಂದರೂ ಗಿಡ ಅವಳ ಕಾಫಿಯನ್ನೇ ಕೊಡುತ್ತಿತ್ತು. ತಂದೆ ಸುಧೀಂದ್ರ ಮುಖ ಕಿವಿಚಿಕೊಂಡು ದಿನವೂ ಅದನ್ನೇ ಕುಡಿಯುತ್ತಿದ್ದರು. ಸಂಹಿತಾ ತಡೆಯಲಿಲ್ಲ. ಅಪ್ಪ ಮಡಿವಂತರು, ಜನ್ಮದಲ್ಲಿ ಲೋಟ ಕಚ್ಚಿದವರಲ್ಲ, ಎತ್ತಿ ಕುಡಿಯುವವರು. ಎಂಜಲು ತಾಗದಿದ್ದರೆ ಗಿಡ ಅಮ್ಮನನ್ನು ಮರೆಯದು ಎಂಬ ಧೈರ್ಯ ಅವಳಿಗೆ.

ಅಂದು ಸುಧೀಂದ್ರ ಲೋಟ ಕೆಳಗಿಟ್ಟು ನಕ್ಕರು.

“ಇವತ್ತು ಕಾಫಿ ಏನ್ ಚೆನ್ನಾಗಿದೆ ಕಣೇ! ಕಹಿನೇ ಇಲ್ಲ.”

ಸಂಹಿತಾ ಲೋಟದ ಅಂಚನ್ನು ನೋಡಿದಳು. “ಅಪ್ಪಾ, ಲೋಟ ಕಚ್ಚಿ ಕುಡಿದ್ರಾ?”

ಅವರು ಚಿಕ್ಕ ಹುಡುಗರಂತೆ ನಾಚಿದರು. “ಹೂಂ, ಒಂದು ತಿಂಗಳಿಂದ. ಅವಳು ಬಾಯಿಟ್ಟ ಲೋಟ ಅಲ್ವಾ... ಇದ್ದಾಗ ಒಂದಿನಾನೂ ಅವಳ ಎಂಜಲು ಮುಟ್ಲಿಲ್ಲ ನಾನು. ತಪ್ಪಾಯ್ತೇನಮ್ಮ?”

“ಇಲ್ಲಪ್ಪ,” ಎಂದಳು.

ಬಾಲ್ಕನಿಗೆ ಹೋಗಿ ಕುಂಡದ ಸ್ಮೃತಿಕೋಶ ತೆರೆದು ನೋಡಿದಳು. ಅಲ್ಲಿ ಅಪ್ಪನ ನಾಲಿಗೆ ಮಾತ್ರ ಇತ್ತು. ಹಳಬರನ್ನು ಅಳಿಸಿಯೇ ಹೊಸಬರನ್ನು ಬರೆದುಕೊಳ್ಳುವಂತೆ ಗಿಡವನ್ನು ರೂಪಿಸಿದವಳು ಅವಳೇ. ಕೈಬದಲಾದ ಗಿಡ ಇನ್ನೊಬ್ಬರಿಗೆ ಒಗ್ಗಬೇಕಲ್ಲ! ತನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ ಅನಿಸಿ ಅಳು ಉಕ್ಕಿ ಬಂತು.

ಆದರೂ ಒಂದು ಆಸೆ ಉಳಿದಿತ್ತು. ಅಮ್ಮನ ರುಚಿ ಇಂಥದು ಎಂದು ತಿಳಿದರೆ ಗಿಡಕ್ಕೆ ಮತ್ತೆ ಕಲಿಸಬಹುದು. ಕಣ್ಣೊರೆಸಿಕೊಂಡು ಒಳಗೆ ಬಂದಳು.

“ಅಪ್ಪ, ಅಮ್ಮಂಗೆ ಕಾಫಿ ಹೇಗಿರಬೇಕಿತ್ತು? ಸ್ಟ್ರಾಂಗಾ, ಲೈಟಾ?”

ಸುಧೀಂದ್ರರ ಮುಖದ ನಗು ಆರಿಹೋಯಿತು.

“ಗಿಡ ಬರೋಕ್ಕೆ ಮುಂಚೆ, ಅಂಗಡಿ ಪುಡಿ ಕಾಲದಲ್ಲಿ, ಮೊದಲನೇ ಡಿಕಾಕ್ಷನ್ ನಮಗೆಲ್ಲ ಕೊಟ್ಟುಬಿಡೋಳು. ಆಮೇಲೆ ಅದೇ ಚರಟಕ್ಕೆ ನೀರು ಹಾಕ್ಕೊಂಡು ತಾನು ಕುಡಿಯೋಳು,” ಎಂದರು. “ಅವಳಿಗೆ ಹೇಗಿದ್ರೆ ಇಷ್ಟ ಅಂತ... ನಾವ್ಯಾರೂ ಕೇಳಿರ್ಲಿಲ್ವಲ್ಲಮ್ಮ.”