ಎರಡನೇ ಸಲ ಒತ್ತಿದಾಗ

ಗಗನಾ ಅಹಮದಾಬಾದಿನ ನವರಂಗಪುರದಲ್ಲಿದ್ದ ಆ ಸಾಫ್ಟ್‌ವೇರ್ ಕಂಪನಿಯ ಪುಟ್ಟ ಆಫೀಸಿಗೆ ಜಗಳಕ್ಕೆಂದೇ ಬಂದಿದ್ದಳು. ಬೆನ್ನಿಗೆ ಲ್ಯಾಪ್‌ಟಾಪು, ಕಂಕುಳಲ್ಲಿ ಪುಟ್ಟ ಕೀಬೋರ್ಡು.

ಹುಬ್ಬಳ್ಳಿಯ ಹುಡುಗಿ. ಹಗಲು ವಡೋದರಾದ ಮಕರಪುರದಲ್ಲಿ ಮೋಟಾರು ಕಾರ್ಖಾನೆಯ ಎಂಜಿನಿಯರ್, ಸಂಜೆ ಕಿಶೋರ್ ಭಾಯಿಯ ಗರ್ಬಾ ತಂಡದಲ್ಲಿ ಕೀಬೋರ್ಡ್ ವಾದಕಿ. ಕಂಪ್ಯೂಟರಿನಲ್ಲೇ ವಾದ್ಯಗಳ ದನಿ ಹುಟ್ಟಿಸುವ ಈ ಕಂಪನಿಯ ಸಾಫ್ಟ್‌ವೇರ್ ಸಿಂಥಸೈಜರಿನಲ್ಲಿ ಅವಳು ಶಹನಾಯಿಯಂಥ ಒಂದು ದನಿಯನ್ನು ತಾನೇ ಕಟ್ಟಿಕೊಂಡಿದ್ದಳು. ನಿಧಾನವಾಗಿ ನುಡಿಸಿದರೆ ಬೆಣ್ಣೆಯಂತೆ ಜಾರುತ್ತಿತ್ತು. ಗರ್ಬಾ ವೇಗ ಹಿಡಿದು, ಒಂದು ಸ್ವರ ಆರುವ ಮೊದಲೇ ಇನ್ನೊಂದನ್ನು ಒತ್ತಿದರೆ ಮಾತ್ರ ಸ್ಪೀಕರಿನಲ್ಲಿ ‘ಟಪ್’ ಎನ್ನುತ್ತಿತ್ತು. ನವರಾತ್ರಿಯೊಳಗೆ ಇದು ಸರಿಹೋಗದಿದ್ದರೆ ಅವಳ ಬದಲು ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕುವುದಾಗಿ ಕಿಶೋರ್ ಭಾಯಿ ಹೇಳಿಬಿಟ್ಟಿದ್ದರು.

ಕಂಪನಿಗೆ ಮೇಲ್ ಬರೆದರೆ, ಇದು ದೋಷವಲ್ಲ, ಬೇಕೆಂದೇ ಹೀಗೆ ಮಾಡಿದ್ದೇವೆ ಎಂಬ ಉತ್ತರ. ಕೆಳಗೆ ಸುಮುಖ್ ಎಂಬ ಹೆಸರು.

ಆ ಸುಮುಖ್ ಈಗ ಎದುರಿಗೇ ಕೂತು ಇಂಗ್ಲಿಷಿನಲ್ಲಿ ಅದನ್ನೇ ಇನ್ನೊಮ್ಮೆ ವಿವರಿಸಿದ. ಪ್ರತಿ ಸ್ವರದ ಹಿಂದೆಯೂ ಒಂದು ಎನ್ವೆಲಪ್ ಇರುತ್ತದೆ. ಕೀ ಒತ್ತಿದಾಗ ಸದ್ದು ಎಷ್ಟು ಬೇಗ ಏರಬೇಕು, ಬಿಟ್ಟಾಗ ಹೇಗೆ ಇಳಿಯಬೇಕು ಎಂದು ಹೇಳುವ ಗೆರೆ ಅದು. ಹೊಸ ಸ್ವರ ಒತ್ತಿದಾಗಲೆಲ್ಲ ಅದು ಸೊನ್ನೆಯಿಂದಲೇ ಏರಬೇಕು. ಆಗಲೇ ಪ್ರತಿ ಹೊಡೆತ ಖಚಿತ.

ಅಷ್ಟರಲ್ಲಿ ಅವಳ ಊರಿನವಳೇ ಆದ ರೂಮ್‌ಮೇಟ್ ಪೂಜಾಳ ಫೋನ್ ಬಂತು. ಗಗನಾ ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. “ಹುಡುಗ ನೋಡಾಕ ಛಲೋ ಅದಾನ. ಆದ್ರ ತನ್ನ ತಪ್ಪು ಒಪ್ಪೂ ಪೈಕಿ ಅಲ್ಲ.”

ಅವಳು ಫೋನ್ ಇಡುವಾಗ ಸುಮುಖನ ಕಿವಿ ಕೆಂಪಾಗಿತ್ತು. ಕಣ್ಣು ಮಾತ್ರ ನಗುತ್ತಿತ್ತು.

“ನಂಗೆ ಕನ್ನಡ ಬರುತ್ತೆ,” ಎಂದ. “ಥೋಡಾ ಕಚ್ಚಾ ಇದೆ, ಅಷ್ಟೇ.”

ಅಪ್ಪನಿಗೆ ರೈಲ್ವೆ ನೌಕರಿ, ಊರು ತುಮಕೂರಿನ ಕಡೆ, ತಾನು ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲಿ ಎಂದು ಅವನು ಹೇಳುವಷ್ಟೂ ಹೊತ್ತು ಗಗನಾ ಅವನನ್ನು ನೆಟ್ಟಗೆ ನೋಡುತ್ತಿದ್ದಳು. ನಾಚಿಕೊಳ್ಳುವುದು ಅವಳ ಜಾಯಮಾನವಲ್ಲ.

“ಕೇಳಿಸ್ತಲ್ಲ, ಛಲೋನ ಆತು. ಎರಡೂ ಮಾತು ಖರೇನ ಅವ. ಈಗ ಇದನ್ನ ಕೇಳ್ರಿ.”

ಕೀಬೋರ್ಡು ಜೋಡಿಸಿ ಗರ್ಬಾದ ವೇಗದಲ್ಲಿ ನುಡಿಸಿದಳು. ಟಪ್, ಟಪ್. ಅವನು ಅಲೆಯ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿದ. ಮೊದಲ ಸ್ವರ ಇನ್ನೂ ಅರ್ಧ ಎತ್ತರದಲ್ಲಿರುವಾಗಲೇ ಗೆರೆ ಬಾವಿಗೆ ಬಿದ್ದಂತೆ ಸೊನ್ನೆಗೆ ಕುಸಿದಿತ್ತು. ಆ ಕುಸಿತವೇ ಟಪ್. ತನ್ನದು ತಪ್ಪು ಎಂದು ಅವನು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡ. ತಾನು ಪೂಜಾಳಿಗೆ ಹೇಳಿದ್ದರಲ್ಲಿ ಅರ್ಧ ಸುಳ್ಳಾಯಿತೆಂದು ಗಗನಾಗೆ ಯಾಕೋ ಖುಷಿಯಾಯಿತು.

ಮರುಶನಿವಾರ ಅವನೇ ತಿದ್ದಿದ ಸಾಫ್ಟ್‌ವೇರ್ ಹಿಡಿದು ವಡೋದರಾದ ರಿಹರ್ಸಲ್ಲಿಗೆ ಬಂದ. ಈಗ ಹೊಸ ಸ್ವರ, ಹಳೆಯದು ಇದ್ದ ಎತ್ತರದಿಂದಲೇ ಏರುತ್ತಿತ್ತು. ಟಪ್ ಹೋಗಿತ್ತು. ಆದರೆ ಒಂದೇ ಸ್ವರವನ್ನು ಬಡಬಡ ಒತ್ತಿದರೆ ಎಲ್ಲ ಸೇರಿ ಒಂದೇ ಎಳೆಯಾಗುತ್ತಿತ್ತು.

“ಇದು ಗಂಜಿ ಆತು. ತಾಳ ಎಲ್ಲೈತ್ರಿ ಇದರಾಗ?”

ಅವನು ಅಲ್ಲೇ ನೆಲದ ಮೇಲೆ ಕೂತ. ಅವಳು ನುಡಿಸುವುದು, ಅವನು ತಿದ್ದುವುದು, ಇಬ್ಬರೂ ಒಂದೇ ಇಯರ್‌ಫೋನಿನ ಒಂದೊಂದು ಎಳೆಯನ್ನು ಕಿವಿಗಿಟ್ಟುಕೊಂಡು ಕೇಳುವುದು. ಒಮ್ಮೆ ಅವಳ ಜಡೆ ಅವನ ಕೈಮೇಲೆ ಬಿತ್ತು. ಅವನು ಟೈಪ್ ಮಾಡುವುದನ್ನು ನಿಲ್ಲಿಸಿದ. ಅವಳು ಜಡೆ ತೆಗೆಯಲಿಲ್ಲ.

ಕೊನೆಗೆ ಹೊಳೆದದ್ದು ನಡುದಾರಿ. ಹೊಸ ಸ್ವರ ಏರುವ ಮುನ್ನ ಹಳೆಯದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ, ಆದರೆ ಕುಸಿಯದೆ, ಜಾರಿ ಇಳಿಯಬೇಕು. ಹೊಡೆತವೂ ಉಳಿಯಿತು, ಟಪ್ಪೂ ಇಲ್ಲ. ಆದರೆ ಹೀಗೆ ಬದಲಿಸಿದರೆ ಇದೇ ಸಾಫ್ಟ್‌ವೇರಿನಲ್ಲಿ ಬೇರೆಯವರು ಮಾಡಿಟ್ಟ ಹಳೆಯ ಹಾಡುಗಳ ದನಿಯೂ ಬದಲಾಗುತ್ತದೆಂದು ಕಂಪನಿಯ ಮಾಲೀಕರು ತಕರಾರು ತೆಗೆದರು. ಸುಮುಖ್ ಪಟ್ಟು ಬಿಡಲಿಲ್ಲ. ಹಳೆಯ ಹಾಡುಗಳಿಗೆ ಹಳೆಯ ರೀತಿ, ಹೊಸದಕ್ಕೆ ಹೊಸದು, ಆರಿಸಿಕೊಳ್ಳಲು ಒಂದು ಬಟನ್ ಎಂದು ವಾದಿಸಿ ಗೆದ್ದ. ಕಿಶೋರ್ ಭಾಯಿ ರೆಕಾರ್ಡೆಡ್ ಟ್ರ್ಯಾಕಿನ ಮಾತೆತ್ತುವುದನ್ನು ಬಿಟ್ಟರು.

ಆದರೂ ಅವನು ಶನಿವಾರಗಳಂದು ಬರುತ್ತಲೇ ಇದ್ದ. ಅವಳೂ ಪ್ರತಿ ವಾರ ಏನಾದರೊಂದು ಹುಳುಕು ಹುಡುಕುತ್ತಲೇ ಇದ್ದಳು. ‘ನೀವು’ ಹೋಗಿ ‘ನೀನು’ ಬಂದದ್ದು ಇಬ್ಬರ ಗಮನಕ್ಕೂ ಬಂದಿರಲಿಲ್ಲ.

ನವರಾತ್ರಿಯ ಮೊದಲ ಕಾರ್ಯಕ್ರಮ ಸೂರತ್ತಿನಲ್ಲಿ. ಇಳಿಮಧ್ಯಾಹ್ನ ಸೌಂಡ್ ಚೆಕ್ ಮುಗಿದಾಗ ಮೈದಾನ ಖಾಲಿಯಿತ್ತು. ದೊಡ್ಡ ಸ್ಪೀಕರುಗಳಲ್ಲೂ ದನಿ ಒಂದು ಕಡೆಯೂ ಮುಗ್ಗರಿಸಿರಲಿಲ್ಲ. ಅಹಮದಾಬಾದಿನಿಂದ ಬಂದಿದ್ದ ಸುಮುಖ್ ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದ. ಗಗನಾ ಕಾಗದದ ತಟ್ಟೆಯಲ್ಲಿ ಸೂರತ್ತಿನ ಕಡಲೆಬೇಳೆ ತಿಂಡಿ ಲೋಚೊವನ್ನು ಬಿಸಿ ಬಿಸಿಯಾಗಿ ತಂದು ಅವನ ಕೈಗಿಟ್ಟು ಪಕ್ಕದಲ್ಲಿ ಕೂತಳು.

“ಇನ್ನ ಮ್ಯಾಲೆ ರಿಪೇರಿ ಏನೂ ಉಳೀಲಿಲ್ಲ,” ಎಂದಳು. “ಮುಂದಿನ ಶನಿವಾರ ಏನಂತ ಬರ್ತಿ?”

ಅವನು ತಟ್ಟೆಯನ್ನೇ ನೋಡುತ್ತ ಹೇಳಿದ. “ಕೆಲ್ಸ ಯಾವಾಗ್ಲೋ ಮುಗ್ದಿತ್ತು, ಗಗನಾ. ಆ ಬಟನ್ ಹಾಕಿದ ದಿನಾನೇ. ಆಮೇಲೆ ನಾನು ಒಂದು ಲೈನೂ ಬದಲಾಯಿಸಿಲ್ಲ. ಸುಮ್ನೆ ಟೈಪ್ ಮಾಡ್ತಿದ್ದೆ.”

“ನನಗ ಗೊತ್ತದ. ಅಲ್ಲಿಂದ ಮುಂದ ನಾ ಹೇಳಿದ ಹುಳುಕ ಒಂದರೆ ಖರೇ ಇತ್ತೇನು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಗು ಮೊದಲು ಯಾರಿಗೆ ಬಂತೋ. ಕೇಬಲ್ ಸುತ್ತುತ್ತಿದ್ದವರು ತಿರುಗಿ ನೋಡಿದರು.

ನಗು ನಿಂತ ಮೇಲೆ ಅವನು ತಟ್ಟೆ ಕೆಳಗಿಟ್ಟ. ಹಿಂದಿ, ಇಂಗ್ಲಿಷು ಯಾವುದನ್ನೂ ನೆಚ್ಚಿಕೊಳ್ಳದೆ, ಒಂದೊಂದೇ ಪದ ಎತ್ತಿಡುತ್ತ ಹೇಳಿದ. “ನಂಗೆ ನೀನು ಬೇಕು. ಶನಿವಾರ ಮಾತ್ರ ಅಲ್ಲ.”

ಗಗನಾ ಅವನ ಬೆರಳುಗಳ ನಡುವೆ ತನ್ನ ಬೆರಳು ಹೆಣೆದಳು. “ಇಷ್ಟ ಹೇಳಾಕ ಇಷ್ಟು ದಿನ ಬೇಕಾತೇನು? ಇವತ್ತ ನೀ ಹೇಳದಿದ್ರ ನಾನ ಹೇಳಾಕಿದ್ದೆ.”

ಮೈದಾನದ ಗೇಟು ತೆರೆಯಿತು. ಕನ್ನಡಿ ಕೆಲಸದ ಘಾಗ್ರಾ ತೊಟ್ಟ ಮೊದಲ ಹುಡುಗಿಯರು ನಗುತ್ತ ಒಳಗೆ ಬಂದರು. ವೇದಿಕೆಯಿಂದ ಕಿಶೋರ್ ಭಾಯಿ ಅವಳನ್ನು ಕೂಗಿದರು. ಅವಳು ಎದ್ದಳು, ಹಿಡಿದ ಕೈ ಬಿಡದೆ ಅವನನ್ನೂ ಎಬ್ಬಿಸಿಕೊಂಡು ಮೆಟ್ಟಿಲು ಹತ್ತಿದಳು.